ಮೇಲಿನಿಂದ ನೋಡಬೇಕಾದ ಮೀನು

ನಮ್ಮ ಬೀದಿಯ ಹೊಲಿಗೆಯಕ್ಕನ ಅಂಗಡಿಯಲ್ಲಿ ಎರಡು ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಗೆ ಆಳೆತ್ತರದ ಕನ್ನಡಿ. ಅವಳು ಕೊಟ್ಟ ಬಟ್ಟೆ ಮೈಮೇಲೆ ಕೂತರೆ ಕೂತಂತೆ. ಮತ್ತೆ ಬಿಚ್ಚಿ ಹೊಲಿಸಿದವರಿಲ್ಲ. ಸಂಜೆ ಕತ್ತರಿ ಕೆಳಗಿಟ್ಟರೆ ಅವಳು ಸಿಗುತ್ತಿದ್ದುದು ತಾರಸಿಯ ಮೇಲೆ, ಮೀನಿನ ತೊಟ್ಟಿಗಳ ನಡುವೆ.

ಅವು ಚಿನ್ನದ ಮೀನುಗಳೇ, ಆದರೆ ಎಲ್ಲರ ಮನೆಯಲ್ಲಿರುವಂಥವಲ್ಲ. ಚೀನಾದಲ್ಲಿ ತಲೆತಲಾಂತರದಿಂದ ಸಾಕಿಕೊಂಡು ಬಂದ ಅಪರೂಪದ ತಳಿ. ಬೆನ್ನ ಮೇಲೆ ಈಜುರೆಕ್ಕೆ ಇಲ್ಲ. ಉಬ್ಬಿದ ಕಣ್ಣುಗಳೆರಡೂ ಸದಾ ಆಕಾಶಕ್ಕೆ ತಿರುಗಿರುತ್ತವೆ. ಅಕ್ಕನ ಅತ್ತೆ ಮೊದಲ ಸಲ ಕಂಡಾಗ, ಮೇಲೆ ನೋಡಿಕೊಂಡು ನಡೆದರೆ ನಾವೇ ಎಡವಿ ಬೀಳುತ್ತೇವೆ, ಇವು ಹೇಗೆ ಸಂಸಾರ ಮಾಡುತ್ತವೋ ಎಂದು ನಕ್ಕಿದ್ದರು. ಅಕ್ಕ ಅದರ ಅಂದವನ್ನು ಹೊಗಳಲು ಹೊರಟಾಗ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಬಿಟ್ಟರು.

ಮರಿಗಳು ಹುಟ್ಟುವಾಗ ಕಣ್ಣು ಎಲ್ಲ ಮೀನುಗಳಂತೆಯೇ ಇರುತ್ತದೆ. ಆಮೇಲೆ ಉಬ್ಬಿ, ವಾರಗಟ್ಟಲೆ ನಿಧಾನವಾಗಿ ಮೇಲಕ್ಕೆ ಹೊರಳುತ್ತದೆ. ಎರಡೂ ಸರಿಸಮನಾಗಿ ಹೊರಳಿದರೆ ಮಾತ್ರ ಚೆಂದ. ಚುರುಕು ಮೀನುಗಳ ಜೊತೆ ಬಿಟ್ಟರೆ ಇವಕ್ಕೆ ಒಂದು ತುತ್ತೂ ದಕ್ಕದು. ಅದಕ್ಕೇ ಬೇರೆ ತೊಟ್ಟಿ. ಸಾಕಲು ತೊಡಗಿದ ಮೂರನೆಯ ವರ್ಷ ನೂರಾರು ಮರಿಗಳಲ್ಲಿ ಒಂದು, ಬೆಳ್ಳಗಿನ ಮೈಗೆ ಕೇಸರಿ ಬೆನ್ನು, ನೀರಲ್ಲಿ ರೇಷ್ಮೆಯ ಸೆರಗಿನಂತೆ ಹರಡುವ ಬಾಲ ಹೊತ್ತು ಬೆಳೆದಾಗ ಅಕ್ಕ ಅದನ್ನು ಊರಿನ ಮೀನು ಪ್ರದರ್ಶನಕ್ಕೆ ಒಯ್ದಳು, ಅಗಲವಾದ ಬಿಳಿ ಬೋಗುಣಿಯಲ್ಲಿ.

ಗಾಜಿನ ತೊಟ್ಟಿಯಲ್ಲಿಟ್ಟರೆ ಮಾತ್ರ ಸ್ಪರ್ಧೆಗೆ ಸೇರಿಸುವುದಾಗಿ ಕಾರ್ಯದರ್ಶಿ ಹೇಳಿದರು. ಗಾಜು ಬರುವ ಎಷ್ಟೋ ಮೊದಲು ಮಣ್ಣಿನ ತೊಟ್ಟಿಯಲ್ಲಿ ಮೇಲಿನಿಂದ ನೋಡಿಯೇ ಬೆಳೆಸಿದ ತಳಿ ಇದು ಎಂದು ಅಕ್ಕ ವಿವರಿಸಿದಳು. ಅವರು ಒಪ್ಪಲಿಲ್ಲ.

"ಹಾಗಾದ್ರೆ ಸ್ಪರ್ಧೆ ಬೇಡ ಬಿಡಿ ಸಾರ್. ನೋಡೋರು ನೋಡ್ಲಿ," ಎಂದು ಅವಳು ಬೋಗುಣಿಯನ್ನು ಕಿಟಕಿಯ ಕೆಳಗೆ ನೆಲದ ಮೇಲಿಟ್ಟಳು.

ಮಧ್ಯಾಹ್ನದವರೆಗೆ ಜನ ಇಣುಕಿ ಮುಂದೆ ಹೋದರು. ಕೊನೆಗೆ ತೀರ್ಪುಗಾರರು ಬಂದರು, ಮಂಡಿನೋವಿನ ಹಿರಿಯರು. ನಿಂತೇ ನೋಡಿದರು. ಅಕ್ಕ ಒಂದು ಮಣೆ ಸರಿಸಿ, "ಕೂತ್ಕೊಂಡು ನೋಡಿ ಸಾರ್, ನಿಮ್ಮ ನೆರಳು ಬೀಳ್ತಾ ಇದೆ," ಎಂದಳು. ಕಾರ್ಯದರ್ಶಿ ಮುಖ ಸಿಂಡರಿಸಿದರು. ಹಿರಿಯರು ಮಾತ್ರ ಅವಳ ಕೈ ಹಿಡಿದು ಕುಳಿತರು. ಮೀನು ಅವರ ಮುಖದ ಕೆಳಗೇ ಬಂದು ತೇಲಿತು. ಅವರು ಇನ್ನಷ್ಟು ಬಾಗಿದರು.

"ಮೂವತ್ತು ವರ್ಷದಿಂದ ಮೀನು ನೋಡ್ತಾ ಇದ್ದೀನಿ ಕಣಮ್ಮಾ," ಎಂದರು ಆಮೇಲೆ. "ಯಾವ ಮೀನೂ ನನ್ನನ್ನ ತಿರುಗಿ ನೋಡಿರಲಿಲ್ಲ."

ನಿಯಮ ನಿಯಮವೇ, ಬಹುಮಾನ ಬರಲಿಲ್ಲ. ಅಕ್ಕನಿಗೆ ಅದರ ಕೊರಗೂ ಇರಲಿಲ್ಲ. ಆದರೆ ಹಿರಿಯರು ಪಟ್ಟು ಹಿಡಿದು, ಮರುವರ್ಷ ಬೋಗುಣಿ ಮೀನುಗಳಿಗೆಂದೇ ಬೇರೆ ವಿಭಾಗ ಮಾಡಿಸಿದರು. ತೀರ್ಪು ಕೊಡಲು ಕರೆದದ್ದು ಅಕ್ಕನನ್ನೇ. ಹಾಗಾಗಿ ಅವಳ ಮೀನು ಆ ಸಲವೂ ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಇದು ಯಾವ ನ್ಯಾಯ ಎಂದು ಬೀದಿಯವರೆಲ್ಲರ ಮುಂದೆ ಜಗಳ ತೆಗೆದವರು ಅತ್ತೆ. ಅಷ್ಟು ಹೊತ್ತಿಗೆ ದಿನವೂ ಆ ಮೀನಿಗೆ ಊಟ ಹಾಕುತ್ತಿದ್ದವರು ಅವರೇ ಆಗಿದ್ದರು.

ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಸಭಾಂಗಣದ ನೆಲದಲ್ಲಿ ಸಾಲಾಗಿಟ್ಟ ಹನ್ನೊಂದು ಬೋಗುಣಿಗಳ ಮುಂದೆ ಒಂದೊಂದಾಗಿ ಕುಳಿತು ನೋಡುತ್ತ ಹೋದಳು.