ಕ್ಲಿಕ್ಕಮ್ಮ ತಡೆದ ಒಂದು ಪದ

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿದೆ, ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಅದರ ಒಂದು ಗುಂಡಿ ಕಿತ್ತುಹೋಗಿ, ಆ ಜಾಗದಲ್ಲಿ ಅಂಗಿಯ ಗುಂಡಿಯೊಂದು ಅಂಟಿಕೊಂಡು ಕೂತಿದೆ. ಅದರ ಮುಂದಿರುವ ನಲವತ್ತೊಂದರ ಹೆಣ್ಣುಮಗಳು ನಿನ್ನೆ ಜನ ಫೋನಿನಲ್ಲಿ ಏನೇನು ಹುಡುಕಿದರು ಎಂಬುದನ್ನು ಸಾಲುಸಾಲಾಗಿ ಓದುತ್ತಿದ್ದಾರೆ. 'ಕಡಿಮೆ ಬೆಲೆಯ ಹೊಲಿಗೆ ಮಿಷನ್'. ಇರಲಿ. 'ಕನಸಿನಲ್ಲಿ ಹೊಲಿಗೆ ಮಿಷನ್ ಕಂಡರೆ ಏನರ್ಥ'. ತಡೆ. 'ಹೊಲಿಗೆ ಹಾಕಿದ ಮೇಲೆ ಎಷ್ಟು ದಿನ ಸ್ನಾನ ಮಾಡಬಾರದು'. ಇಲ್ಲಿ ಅವರಿಗೂ ನಗು ತಡೆಯುವುದಿಲ್ಲ. "ಪಾಪ, ಗಾಯ ಆದವನಿಗೆ ಮಿಷನ್ ತೋರಿಸಿದ್ದೀವಿ ನೋಡಿ," ಎನ್ನುತ್ತ ಅದನ್ನೂ ತಡೆಯುತ್ತಾರೆ.

ಬೀದಿಯವರ ಬಾಯಲ್ಲಿ ಇವರು ಕ್ಲಿಕ್ಕಮ್ಮ. ಹೆಸರಿಟ್ಟದ್ದು ಕೆಳಮನೆಯ ಅಜ್ಜಿ. ಏನು ಕೆಲಸ ಮಾಡುತ್ತೀಯೇ ಎಂದು ಕೇಳಿ, ಅರ್ಧ ಗಂಟೆ ವಿವರಣೆಗೆ ತಲೆಯಾಡಿಸಿ, ಕೊನೆಗೆ ಅಜ್ಜಿಯ ನೆನಪಲ್ಲಿ ಉಳಿದದ್ದು 'ಕ್ಲಿಕ್' ಒಂದೇ. ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ನಾವು ಏನನ್ನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ 'ಜಾಹೀರಾತು' ಎಂಬ ಸಣ್ಣಕ್ಷರ ಹೊತ್ತ ಒಂದೆರಡು ಸಾಲು ಕಾಣುತ್ತವಲ್ಲ, ಅವನ್ನು ಒತ್ತಿದ ಪ್ರತಿ ಸಲವೂ ಅಂಗಡಿಯವನ ಜೇಬಿಗೆ ಕತ್ತರಿ. ಒತ್ತಿದವರು ಕೊಂಡರೂ ಅಷ್ಟೇ, ಕೊಳ್ಳದಿದ್ದರೂ ಅಷ್ಟೇ. ಕೊಳ್ಳುವವರ ಕಣ್ಣಿಗೆ ಮಾತ್ರ ಆ ಸಾಲು ಬೀಳುವಂತೆ ಮಾಡುವುದು, ಸುಮ್ಮನೆ ಒತ್ತಿ ಹೋಗುವವರ ಪದಗಳನ್ನು ಹೆಕ್ಕಿ ತಡೆಯುವುದು ಕ್ಲಿಕ್ಕಮ್ಮನ ಕೆಲಸ. ಮೊರದಲ್ಲಿ ಕೇರಿ ಜೊಳ್ಳು ತೆಗೆದ ಹಾಗೆ ಎನ್ನಿ.

ದಿನಕ್ಕೆ ಆರು ಅಂಗಡಿ, ಹೆಚ್ಚುಕಡಿಮೆ ಐನೂರು ಸಾಲು, ತಡೆಯುವ ಪದ ಮೂವತ್ತೋ ನಲವತ್ತೋ. ಕುತ್ತಿಗೆ ನೋವು ಬೇರೆ. ಅಂಗಡಿಯವರು ಬಾಗಿಲು ತೆಗೆಯುವ ಒಂಬತ್ತಕ್ಕೆ ಮೊದಲು ಎಲ್ಲ ಮುಗಿಯಬೇಕು, ಇಲ್ಲದಿದ್ದರೆ ಆ ದಿನದ ಜೊಳ್ಳಿಗೂ ದುಡ್ಡು ತೆತ್ತ ಹಾಗೆ. ವ್ಯಾಪಾರ ಹೆಚ್ಚಿದರೆ ಸಾಹುಕಾರರು ತಮ್ಮ ಕೈಗುಣ ಎನ್ನುತ್ತಾರೆ, ಇಳಿದರೆ ಮೊದಲ ಫೋನು ಇವರಿಗೇ.

ಈ ಕಸುಬಿಗೆ ದಾರಿ ತೋರಿಸಿದವರು ಸೋದರಮಾವ. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಹುಡುಗಿಯನ್ನು ಕರೆತಂದು ಸಾಕಿದವರು ಅವರು ಮತ್ತು ಅತ್ತೆ, ಇಂದಿಗೂ ಮೂವರೂ ಇರುವುದು ಒಂದೇ ಮನೆಯಲ್ಲಿ. ಹೊಲಿಗೆ ಯಂತ್ರದ ಅಂಗಡಿಯೊಂದರ ಹಿಂಭಾಗದಲ್ಲಿ ಮೂವತ್ತೊಂದು ವರ್ಷ ಅವರ ರಿಪೇರಿ ಮೇಜಿತ್ತು. ಸೋದರಸೊಸೆ ಟೈಪು ಮಾಡುತ್ತಿದ್ದ ಮುದ್ರಣಾಲಯ ಆರು ವರ್ಷದ ಕೆಳಗೆ ಮುಚ್ಚಿದಾಗ ಮಾವ ಸಾಹುಕಾರರ ಮುಂದೆ ನಿಂತು, ನಮ್ಮ ಹುಡುಗಿ ಅಕ್ಷರದಲ್ಲಿ ಗಟ್ಟಿ, ನಿಮ್ಮ ಆ ಕಂಪ್ಯೂಟರ್ ಜಾಹೀರಾತು ಅವಳ ಕೈಗೆ ಕೊಟ್ಟು ನೋಡಿ ಎಂದರಂತೆ. ಹುಡುಗಿ ಹೆಸರು ಉಳಿಸಿದಳು. ಮೊದಲು ನೂರು ಜನ ಒತ್ತಿದರೆ ಯಂತ್ರ ಕೊಳ್ಳುವವರು ಇಬ್ಬರು, ಆಮೇಲಾಮೇಲೆ ಐವರು. ಅದನ್ನು ಏಳಕ್ಕೆ ಏರಿಸಿದ್ದು ಒಂದೇ ಒಂದು ಪದ. ಕ್ಲಿಕ್ಕಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿರುವುದೂ ಅದೇ.

ಹೋದ ವರ್ಷದ ಮಾತು. ಆ ಅಂಗಡಿಯ ಪಟ್ಟಿಯಲ್ಲಿ ಪ್ರತಿ ಐದು ಸಾಲಿಗೆ ಒಂದರಲ್ಲಿ 'ರಿಪೇರಿ' ಎಂದಿರುವುದು ಅವರ ಕಣ್ಣಿಗೆ ಬಿತ್ತು. ಹಳೆಯದನ್ನು ಸರಿ ಮಾಡಿಸುವವರು ಹೊಸದನ್ನು ಕೊಳ್ಳುವುದಿಲ್ಲ, ಲೆಕ್ಕ ಸರಳ. ಅರೆಬರೆ ಕೆಲಸ ಇವರ ಜಾಯಮಾನದಲ್ಲಿಲ್ಲ. ರಿಪೇರಿ, ರಿಪೇರ್, ರೀಪೇರಿ, ದುರಸ್ತಿ, 'ಸರಿ ಮಾಡುವವರು', ಜನ ಹೇಗೆಲ್ಲ ಬರೆಯಬಹುದೋ ಅಷ್ಟನ್ನೂ ಕೂತು ಯೋಚಿಸಿ ಹನ್ನೊಂದು ಬಗೆಯಲ್ಲಿ ತಡೆದರು. ಹಾಗೆ ತಡೆದ ಪದ ಮಾರನೇ ದಿನದಿಂದ ಪಟ್ಟಿಯಲ್ಲೇ ಬರುವುದಿಲ್ಲ. ಕಾಣದ್ದು ಮರೆತೂ ಹೋಗುತ್ತದೆ. ಹಿಂದಿನ ಮೇಜಿನಲ್ಲಿ ಮಾವ ಕೂತಿರುವುದು ನೆನಪಾಗಲಿಲ್ಲವೇ ಎಂದರೆ ಕ್ಲಿಕ್ಕಮ್ಮ ತಲೆ ಎತ್ತುವುದಿಲ್ಲ. "ಮಾವಂದು ಮೂವತ್ತು ವರ್ಷದ ಹಳೇ ಗಿರಾಕಿಗಳು, ಅವರೆಲ್ಲಿ ಫೋನಲ್ಲಿ ಹುಡುಕ್ತಾರೆ ಅಂದ್ಕೊಂಡೆ. ಹಳಬರು ಎಷ್ಟೋ ಜನ ಹೋಗ್ಬಿಟ್ಟಿದ್ರು. ಬರ್ತಿದ್ದೋರೆಲ್ಲ ಹೊಸಬರು. ನನ್ನ ಸಾಲು ಒತ್ತಿ ಬರ್ತಿದ್ರು." ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾವ ಉಪಕರಣದ ಚೀಲ ಹೊತ್ತು ಮನೆಗೆ ಬಂದರು. ದಿನಕ್ಕೊಂದು ಯಂತ್ರವೂ ಬರುತ್ತಿಲ್ಲ, ಮೇಜಿನ ಜಾಗದಲ್ಲಿ ಗಾಜಿನ ಕಪಾಟು ಇಡುತ್ತೇವೆ ಎಂದು ಸಾಹುಕಾರರು ಮೆತ್ತಗೆ ಹೇಳಿದ್ದರು. ಮಾವನಿಗೆ ಅವರ ಮೇಲೆ ಸಿಟ್ಟಿಲ್ಲ. ಕಾಲ ಬದಲಾಯಿತು, ಈಗಿನವರು ಕೆಟ್ಟರೆ ಎಸೆಯುತ್ತಾರೆ, ನನ್ನ ಕಸುಬು ಸತ್ತಿತು ಎಂದು ಅತ್ತೆಗೆ ಹೇಳಿ ಕೈಕಾಲು ತೊಳೆದು ಊಟಕ್ಕೆ ಕೂತರು. ಕ್ಲಿಕ್ಕಮ್ಮನಿಗೆ ತಾವು ತಡೆದ ಪದ ನೆನಪಾದದ್ದು ಆಗಲೇ. ಒಳಗೆ ಹೋಗಿ ಹಳೆಯ ಪಟ್ಟಿ ತೆಗೆದು ನೋಡಿದರೆ, ತಡೆಯುವ ಮೊದಲು ದಿನಕ್ಕೆ ಎಂಟೋ ಹತ್ತೋ ಜನ ರಿಪೇರಿಗೆಂದು ಹುಡುಕಿದ್ದಾರೆ. ಕಸುಬು ಸತ್ತಿರಲಿಲ್ಲ, ಬಾಗಿಲು ಹಾಕಿದ್ದು ತಾವು.

ಆಗಲೇ ಹೇಳಿಬಿಡಬಹುದಿತ್ತು. ಮೊದಲು ಸರಿಪಡಿಸಿ ಆಮೇಲೆ ಹೇಳೋಣ ಎಂದುಕೊಂಡರು. ಅಂದೇ ಆ ಹನ್ನೊಂದನ್ನೂ ಬಿಡಿಸಿದರು. ಮಾರನೇ ಬೆಳಿಗ್ಗೆ ಪಟ್ಟಿಯಲ್ಲಿ ಒಂಬತ್ತು ಜನ ಬಂದು ನಿಂತಿದ್ದರು. ಸಾಹುಕಾರರು ಪರವೂರಿಗೆ ಹೋಗಿದ್ದಾರೆ, ಬರಲಿ ಎಂದು ಕಾದರು. ಹತ್ತು ದಿನ ಹೀಗೇ ಕಳೆಯಿತು. ಹತ್ತನೇ ದಿನ ಮಾರುಕಟ್ಟೆಯಿಂದ ಬಂದು ಮೆಟ್ಟಿಲು ಹತ್ತುವಾಗ ಗುಜರಿಯವನು ಹೆಗಲ ಮೇಲೆ ಭಾರದ ಮೂಟೆ ಹೊತ್ತು ಇಳಿಯುತ್ತಿದ್ದ. ಪಾಪ ಎಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಮೇಲೆ ಹೋದಾಗ ಅತ್ತೆ, ನಿಮ್ಮ ಮಾವ ಸಾಮಾನೆಲ್ಲ ತೂಕಕ್ಕೆ ಹಾಕಿಬಿಟ್ಟರು ಎಂದರು. ಕೆಳಗೆ ಓಡಿದರೆ ಗಾಡಿ ಹೋಗಿಯಾಗಿತ್ತು. ಮಾವನೇ ಅರದಿಂದ ಉಜ್ಜಿ ಮಾಡಿಕೊಂಡ ಉಪಕರಣಗಳು, ತಯಾರಕರೇ ಮುಚ್ಚಿಹೋದ ಯಂತ್ರಗಳ ಬಿಡಿಭಾಗಗಳು. ಎರಡು ದಿನ ಗುಜರಿ ಅಂಗಡಿಗಳಲ್ಲಿ ಹುಡುಕಿದರೂ ಒಂದೂ ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ತಡೆದಿದ್ದು ತಿಳಿಯದೇ ಆದ ತಪ್ಪು. ಹತ್ತು ದಿನ ಬಾಯಿ ಮುಚ್ಕೊಂಡಿದ್ದು ತಿಳಿದೂ ಮಾಡಿದ್ದು. ಅದಕ್ಕೆ ಏನು ನೆಪ ಹೇಳ್ಲಿ?"

ಆ ಸಂಜೆ ಮಾವನ ಮುಂದೆ ಎಲ್ಲ ಹೇಳಿದರು. ಮಾವ ತಮ್ಮ ಅಂಗೈ ನೋಡಿಕೊಂಡರು. "ಹಾಗಾದ್ರೆ ಜನ ಕೇಳ್ತಿದ್ರಾ?" "ಕೇಳ್ತಿದ್ರು ಮಾವ." ಊರಿಂದ ಬಂದ ಸಾಹುಕಾರರ ಕಾಲಿಗೆ ಬೀಳುವುದೊಂದು ಬಾಕಿ, ಮಾವನ ಮೇಜು ಮತ್ತೆ ಹಾಕಿಸಿ ಎಂದು ಹಾಗೆ ಬೇಡಿಕೊಂಡರು ಕ್ಲಿಕ್ಕಮ್ಮ. ಕಪಾಟು ಬಂದಾಗಿತ್ತು. ರಿಪೇರಿ ಮಾಡುವವರೇ ನಮ್ಮಲ್ಲಿಲ್ಲ, ಮತ್ತೆ ಆ ಪದಕ್ಕೇಕೆ ದುಡ್ಡು ಸುರಿಯುವುದು ಎಂದು ಅವರು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಹನ್ನೊಂದನ್ನೂ ಎರಡನೇ ಸಲ ತಮ್ಮ ಕೈಯಾರೆ ತಡೆದು ಬಂದರು ಕ್ಲಿಕ್ಕಮ್ಮ.

ಈಗ ಯಾವ ಅಂಗಡಿಯ ಪಟ್ಟಿಯಲ್ಲೇ ಆಗಲಿ, ಕಸುಬನ್ನು ಹೇಳುವ ಪದವೊಂದನ್ನು ತಡೆಯುವ ಮೊದಲು, ಅಂಗಡಿ ತೆರೆಯುವವರೆಗೆ ಕಾದು ಫೋನು ಮಾಡುತ್ತಾರೆ. ನಿಮ್ಮಲ್ಲಿ ಈ ಕೆಲಸ ಮಾಡುವವರು ಯಾರಾದರೂ ಇದ್ದಾರಾ, ಅವರಿಗೆ ಗಿರಾಕಿ ಎಲ್ಲಿಂದ ಬರುತ್ತಾರೆ ಎಂದು ವಿಚಾರಿಸುತ್ತಾರೆ. ಕಳೆದ ತಿಂಗಳು ಪಾದರಕ್ಷೆ ಅಂಗಡಿಯೊಂದರಲ್ಲಿ ಮೂಲೆಯಲ್ಲಿ ಅಟ್ಟೆ ಹೊಲಿಯುವ ಮುದುಕರೊಬ್ಬರು ಇರುವುದು ಹೀಗೇ ಗೊತ್ತಾಯಿತು. ಈ ವಿಚಾರಣೆ ಒಬ್ಬ ಸಾಹುಕಾರರಿಗೆ ಅಧಿಕಪ್ರಸಂಗ ಅನ್ನಿಸಿ ಬೇರೆಯವರನ್ನು ಹುಡುಕಿಕೊಂಡರು. ಏಳು ಅಂಗಡಿ ಆರಾದದ್ದು ಹಾಗೆ.

ಮಾವನಿಗೆ ಹೊಸ ಉಪಕರಣ ಕೊಡಿಸಲು ಹೋದರೆ, ಈ ವಯಸ್ಸಿಗೆ ಕೈ ಅದಕ್ಕೆ ಒಗ್ಗುವುದಿಲ್ಲ ಎಂದರಂತೆ. ಹಗಲೆಲ್ಲ ಕಿಟಕಿಯ ಬಳಿ ಕೂರುತ್ತಾರೆ. ಕ್ಲಿಕ್ಕಮ್ಮನಿಗೆ ಏನು ಆಸೆ ಎಂದು ಕೇಳಿದರೆ ಹೊಸ ಲ್ಯಾಪ್‌ಟಾಪೂ ಅಲ್ಲ, ಏಳನೇ ಅಂಗಡಿಯೂ ಅಲ್ಲ.

"ಮಾವ ಒಂದ್ಸಲ ನನ್ನ ಬಾಯಿ ತುಂಬ ಬೈದುಬಿಟ್ರೆ ಸಾಕು. ಮೊನ್ನೆ ಕೇಳೇಬಿಟ್ಟೆ, ಯಾಕೆ ಬೈಯಲ್ಲ ನೀವು ಅಂತ. 'ಹನ್ನೊಂದು ಥರ ಯೋಚನೆ ಮಾಡಿ ತಡೆದಿದ್ದೀಯ, ಒಂದು ಎಳೆಯೂ ಬಿಟ್ಟಿಲ್ಲ. ಕೆಲಸ ಅಷ್ಟು ಚೆನ್ನಾಗಿ ಮಾಡಿದೋರನ್ನ ಹೇಗೆ ಬೈಯೋದಮ್ಮ' ಅಂದ್ರು."