ಮೈಕ್ ಸೂರ ಹಕ್ಕಿ ಬಳಗಕ್ಕೆ ಬಂದದ್ದು

ಕುಂಭಾಶಿಯ ಸೂರನಿಗೆ ಈಗ ಐವತ್ತೆರಡು. ಅವನ ಅಪ್ಪ ಕೃಷ್ಣಯ್ಯ ದೇವಸ್ಥಾನದ ಬೀದಿಯಲ್ಲಿ ಕೂತು ಹೂ ಕಟ್ಟುತ್ತಿದ್ದವರು. ಮಗನ ಮನಸ್ಸು ಹೂವಿನಲ್ಲಿ ನಿಲ್ಲಲಿಲ್ಲ, ಮೈಕಿನಲ್ಲಿ ನಿಂತಿತು. ಎರಡು ಹಾರ್ನ್, ಒಂದು ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡು ಶುರು ಮಾಡಿದವನು ಇವತ್ತು ಒಂದು ಬಿಳಿ ಓಮ್ನಿ ತುಂಬ ಸಾಮಾನು ಮಾಡಿಕೊಂಡಿದ್ದಾನೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಬಯಲಾಟ, ಎಲ್ಲಿಗೆ ಕರೆದರೂ ಹೊತ್ತಿಗೆ ಮುಂಚೆ ಹಾಜರು. ಹಾಗಾಗಿ ಅವನ ಹೆಸರೇ ಮೈಕ್ ಸೂರ.

ಅವನ ಕಿವಿಯ ಬಗ್ಗೆ ಕೋಟೇಶ್ವರದ ಕಡೆಯವರು ಇವತ್ತಿಗೂ ಒಂದು ಮಾತು ಹೇಳುತ್ತಾರೆ. ಯಾರದೋ ಮದುವೆಗೆ ಹೋಗಿದ್ದ. ಅವತ್ತು ಮೈಕ್ ಅವನದಲ್ಲ, ಬೇರೆಯವರದ್ದು. ಪಂಕ್ತಿಯಲ್ಲಿ ಕೂತು ಅನ್ನಕ್ಕೆ ಸಾರು ಕಲಸುತ್ತಿದ್ದವನು ಕೈ ನಿಲ್ಲಿಸಿ, "ಎಡಬದಿ ಬಾಕ್ಸಿನ ಕೋನ್ ಹರ್ದಿತ್ತ್ ಕಾಣಿ" ಎಂದ. ಊಟದ ಹಾಲ್ ಒಂದು ಕಡೆ, ಸ್ಪೀಕರ್ ಬಾಕ್ಸ್ ಇದ್ದದ್ದು ಅಂಗಳದ ಆಚೆ. ಮೈಕಿನವನಿಗೆ ಸಿಟ್ಟು ಬಂತು. ಪಂಥಕ್ಕೆ ಬಿದ್ದು ಬಾಕ್ಸ್ ಬಿಚ್ಚಿ ನೋಡಿದರೆ ಒಳಗಿನ ಕಾಗದದ ಕೋನ್ ಉಗುರಿನಷ್ಟು ಹರಿದಿತ್ತು.

ಇಂಥ ಸೂರ ನಮ್ಮ ಹಕ್ಕಿ ಬಳಗಕ್ಕೆ ಬಂದದ್ದು ಹಕ್ಕಿಗೋಸ್ಕರ ಅಲ್ಲ, ಮಂಜಯ್ಯನವರಿಗೋಸ್ಕರ.

ನಮ್ಮ ಬಳಗ ದೊಡ್ಡದೇನಲ್ಲ. ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ಒಂದು ಮಾತುಕತೆ. ಒಂದು ತಿಂಗಳು ಕುಂದಾಪುರ, ಇನ್ನೊಂದು ತಿಂಗಳು ಬೈಂದೂರು, ಮತ್ತೊಂದು ತಿಂಗಳು ಬ್ರಹ್ಮಾವರ. ಎಲ್ಲಿ ಹಾಲ್ ಸಿಕ್ಕಿತೋ ಅಲ್ಲಿ. ಜನ ಇಪ್ಪತ್ತು ಬಂದರೆ ಹಬ್ಬ. ಎಲ್ಲವನ್ನೂ ಹೊಂದಿಸುವವಳು ಕಾರ್ಯದರ್ಶಿ ಸುಪ್ರೀತಾ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಧ್ಯಕ್ಷರು ಮಂಜಯ್ಯ. ಬೈಂದೂರು ಕಡೆಯ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ನಡೆದುಕೊಂಡೇ ಟಪಾಲು ಹಂಚಿದವರು. ಯಾವ ಗದ್ದೆಯ ಅಂಚಿನಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ ಎಂದು ಅವರಿಗೆ ಆ ದಾರಿಯೇ ಕಲಿಸಿದ್ದು. ಆದರೆ ಈಚೆಗೆ ಐದಾರು ವರ್ಷದಿಂದ ಅವರಿಗೆ ಕಿವಿ ಮಂದ. ಕಿವಿಗೆ ಹಾಕುವ ಯಂತ್ರ ತಂದಿದ್ದರು, ಅದು ಕುಯ್ ಎನ್ನುತ್ತದೆಂದು ಮನೆಯ ಕಪಾಟಿನಲ್ಲಿ ಮಲಗಿಸಿದ್ದರು. ಮಾತುಕತೆಯ ನಡುವೆ "ಎಂತ? ಎಂತ ಹೇಳ್ದ್ರ್?" ಎಂದು ಅವರು ಪಕ್ಕದವರನ್ನು ಕೇಳುವುದು, ಪಕ್ಕದವರು ಕೂಗಿ ಹೇಳುವುದು, ಭಾಷಣ ಮಾಡುವವರು ನಿಲ್ಲಿಸಿ ಕಾಯುವುದು. ಕಡೆಗೆ ಸುಪ್ರೀತಾ, "ಇಪ್ಪತ್ ಜನಕ್ಕಾರೂ ಅಡ್ಡಿಲ್ಲ, ಮೈಕ್ ಹಾಕ್ಸುವ" ಎಂದಳು.

ಹೀಗೆ ಡಿಸೆಂಬರ್ ತಿಂಗಳು ಕುಂದಾಪುರದ ಹಾಲ್‌ನಲ್ಲಿ ಸೂರ ಬಂದು ಎರಡು ಬಾಕ್ಸ್ ಇಟ್ಟು, ಹಿಂದಿನ ಗೋಡೆಗೆ ತಾಗಿ ತನ್ನ ಮೇಜು ಹಾಕಿಕೊಂಡು ಕೂತ.

ಅವತ್ತು ಮಾತಾಡಿದವಳು ಶ್ರಾವ್ಯ. ಸಿದ್ದಾಪುರದ ಹುಡುಗಿ, ಹಕ್ಕಿಗಳ ಕೂಗಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ತಾನು ಕಾಡಿನಂಚಿನಲ್ಲಿ ಹಿಡಿದಿಟ್ಟ ಸ್ವರಗಳನ್ನು ಲ್ಯಾಪ್‌ಟಾಪಿನಿಂದ ಒಂದೊಂದಾಗಿ ಕೇಳಿಸಿದಳು. ಏಳನೆಯದೋ ಎಂಟನೆಯದೋ ಇರಬೇಕು, ಉದ್ದುದ್ದ ಸಿಳ್ಳೆಯಂಥ ಕೂಗು. "ಇದು ಹಾವು ಹಿಡಿಯುವ ಗಿಡುಗ" ಎಂದಳು. ನಾವೆಲ್ಲ ತಲೆಯಾಡಿಸಿ ಬರೆದುಕೊಂಡೆವು.

"ಹ್ವಾಯ್ ಮೇಡಂ," ಹಿಂದಿನಿಂದ ಸ್ವರ ಬಂತು. "ಅದ್ ದೊಡ್ ಹಕ್ಕಿ ಅಲ್ಲ ಅಂದೇಳಿ ಕಾಣತ್ತ್."

ಎಲ್ಲರೂ ತಿರುಗಿ ನೋಡಿದೆವು. ಸೂರ ಕುರ್ಚಿಯಿಂದ ಅರ್ಧ ಎದ್ದಿದ್ದ. ಮಾತು ಬಾಯಿ ತಪ್ಪಿ ಬಂದಿದೆ ಎಂದು ಅವನ ಮುಖವೇ ಹೇಳುತ್ತಿತ್ತು.

"ಮತ್ತೆ ಎಂತ ಅಣ್ಣ?" ಶ್ರಾವ್ಯ ಕೇಳಿದಳು.

"ಎಂತದ್ ಅಂತ ನಂಗ್ ಗೊತ್ತಿಲ್ಲ. ಕಡೀಗ್ ಒಂದ್ ಸಣ್ಣ ಸ್ವರ ಇತ್ತಲೆ, ಅದೂ ಇದೂ ಒಂದೇ ಬಾಯಿಂದ ಬಂದದ್. ಜಾಗ ಒಂದೇ, ದೂರ ಒಂದೇ. ಇನ್ನೊಂದ್ ಸಲ ಹಾಕಿ, ಕೇಂಬ."

ಶ್ರಾವ್ಯ ಮತ್ತೆ ಹಾಕಿದಳು. ಸೂರ ಮೇಜಿನ ಮೇಲಿನ ಗುಂಡಿಗಳನ್ನು ತಿರುಗಿಸಿ ಕೂಗಿನ ಬಾಲವನ್ನು ಮಾತ್ರ ಎತ್ತಿದ. ಗಿಡುಗದ ಸಿಳ್ಳೆ ಮುಗಿದದ್ದೇ, ಉಸಿರು ಬಿಡದೆ, ಪಿಕಳಾರದ ಒಂದು ತುಂಡು ರಾಗ. ಅದರ ಹಿಂದೆಯೇ ಬೆಕ್ಕಿನ ಮರಿಯಂತೆ ಒಂದು ಮಿಯಾಂವ್. ಹಾಲ್‌ನಲ್ಲಿ ನಗು ಎದ್ದಿತು.

ಶ್ರಾವ್ಯ ಮೂರು ಸಲ ಕೇಳಿದಳು. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಅಯ್ಯೋ ದೇವ್ರೇ, ಭೀಮರಾಜ! ಎಲ್ಲರ ಸ್ವರ ಅಣಕ್ಸುದೇ ಅದ್ರ ಕೆಲ್ಸ. ಎರಡ್ ವರ್ಷದಿಂದ ನಾನ್ ಇದನ್ನ ಗಿಡುಗ ಅಂದೇಳಿ ಇಟ್ಕಂಡಿದ್ದೆ!"

ಅವಳಿಗೆ ಅವಮಾನವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಖುಷಿಯಾಗಿತ್ತು. ಚಹಾದ ಹೊತ್ತಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಸೂರನ ಪಕ್ಕ ಹೋಗಿ ಕೂತಳು. ಉಳಿದ ಸ್ವರಗಳನ್ನೆಲ್ಲ ಕೇಳಿಸಿ ಮುಗಿಸುವಾಗ ನಾವು ಕುರ್ಚಿ ಮಡಚಿ ಗೋಡೆಗೆ ಒರಗಿಸಿಯಾಗಿತ್ತು.

ಹೊರಡುವಾಗ ಸುಪ್ರೀತಾ ಕರೆದಳು. "ಸೂರಣ್ಣ, ಬಪ್ಪ ಭಾನುವಾರ ಬೆಳಿಗ್ಗೆ ಹಕ್ಕಿ ಕಾಂಬುಕೆ ಹೋಪದಿತ್ತ್, ನೀವೂ ಬನ್ನಿ."

"ಬೆಳಿಗ್ಗೆ ನಂಗ್ ನಿದ್ರಿ ಮೇಡಂ," ಎಂದು ಸೂರ ನಕ್ಕ. ವಯರ್ ಸುತ್ತಿಕೊಂಡು ಹೋದ.

ಹೋದನೇನೋ ಸರಿ, ಆದರೆ ಕಿವಿ ಸುಮ್ಮನಿರಲಿಲ್ಲ. ರಾತ್ರಿಯಿಡೀ ಬಯಲಾಟ ನಡೆಯುವ ದಿನಗಳು. ಬೈಂದೂರು ಕಡೆಯಲ್ಲಿ ಆಟ ಮುಗಿದು, ಸಾಮಾನು ಕಟ್ಟಿ, ನಸುಕಿನಲ್ಲಿ ಮನೆಗೆ ಹೊರಡುತ್ತಿದ್ದ. ಒಂದು ದಿನ ಹೆಮ್ಮಾಡಿಯ ಹತ್ತಿರ ಹೆದ್ದಾರಿ ಬಿಟ್ಟು ಗದ್ದೆಯ ಕಡೆಗೆ ಓಮ್ನಿ ಇಳಿಸಿ, ಇಂಜಿನ್ ಆರಿಸಿ, ಕಣ್ಣಿಗೆ ನೀರು ಹಾಕಿಕೊಂಡ. ಆಗ ಹಕ್ಕಿಗಳ ಸ್ವರ ಕೇಳಿಸಿತಂತೆ. "ಮೂವತ್ ವರ್ಷ ಅದೇ ದಾರಿಯಂಗೆ ಹೋಯ್ದೆ ಮರ್ರೆ," ಎಂದು ಅವನು ನಮಗೆ ಆಮೇಲೆ ಹೇಳಿದ್ದು. "ಇಂಜಿನ್ ನಿಲ್ಸ್ಲಿಲ್ಲ, ಅಷ್ಟೇ."

ಮರುವಾರ ಅಟ್ಟದ ಮೇಲಿದ್ದ ಹಳೆಯ ಅಲ್ಯೂಮಿನಿಯಂ ಹಾರ್ನ್ ಇಳಿಸಿದ. ಅದರ ಹಿಂದಿದ್ದ, ಸದ್ದು ಹೊರಡಿಸುವ ಯೂನಿಟ್ ತೆಗೆದು, ಕುತ್ತಿಗೆಯಲ್ಲಿ ಸ್ಪಂಜು ಸುತ್ತಿದ ಒಂದು ಸಣ್ಣ ಮೈಕ್ ಕೂರಿಸಿದ. ಸ್ವರವನ್ನು ಹೊರಗೆ ಚೆಲ್ಲುತ್ತಿದ್ದ ಹಾರ್ನ್ ಈಗ ಒಳಗೆ ಹೀರಿಕೊಳ್ಳತೊಡಗಿತು. ಅದನ್ನು ಮರದ ಕಡೆಗೆ ತಿರುಗಿಸಿ, ಹೆಡ್‌ಫೋನ್ ಹಾಕಿಕೊಂಡು, ಸ್ವರ ರೆಕಾರ್ಡ್ ಮಾಡುತ್ತ ಗದ್ದೆಯ ಅಂಚಿನಲ್ಲಿ ಕೂತರೆ ಸೂರನಿಗೆ ಲೋಕ ಬೇಡ. ಹೆದ್ದಾರಿಯ ಬಸ್ಸು ಲಾರಿಗಳು ಮಾತ್ರ ಬಿಡುತ್ತಿರಲಿಲ್ಲ. ಎರಡು ಗಾಡಿಗಳ ನಡುವೆ ಎಷ್ಟು ಹೊತ್ತು ಸದ್ದಿಲ್ಲ ಎನ್ನುವುದು ಅವನಿಗೆ ಬಾಯಿಪಾಠವಾಯಿತು.

ಯಾರಿಗೂ ಹೇಳಲಿಲ್ಲ. ಈ ವಯಸ್ಸಿಗೆ ಹಾರ್ನ್ ಹಿಡಿದು ಗದ್ದೆಯಲ್ಲಿ ಕೂರುತ್ತಾನೆಂದರೆ ಊರಿನವರು ಬಿಡುತ್ತಾರೆಯೇ? ಹೆಂಡತಿ ಚಂದ್ರಾವತಿಗೂ ಹೇಳಲಿಲ್ಲ. ತಪ್ಪಿದ್ದು ಅಲ್ಲಿ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎಂಟು ಗಂಟೆಗೆ ಅವನು ಮನೆಗೆ ಬಂದಾಗ ಚಂದ್ರಾವತಿ ಬಾಗಿಲಲ್ಲೇ ನಿಂತಿದ್ದಳು.

"ಹ್ವಾಯ್, ಆಟ ಮುಗ್ದದ್ದ್ ಎಷ್ಟೊತ್ತಿಗೆ?"

"ಐದೂವರೆಗೆ."

"ಬೈಂದೂರಿಂದ ಇಲ್ಲಿಗ್ ಬಪ್ಪುಕೆ ಎರಡೂವರೆ ಗಂಟೆಯಾ? ಪ್ಯಾಂಟಿಗೆಲ್ಲ ಹುಲ್ಲಿನ ಮುಳ್ಳ್. ಶರ್ಟ್ ಬೆನ್ನಿಗೆ ಮಣ್ಣ್. ಎಲ್ಲಿಗ್ ಹೋತ್ರಿ, ಯಾರೊಟ್ಟಿಗೆ ಹೋತ್ರಿ, ಹೇಳ್ಬಿಡಿ."

"ಹಕ್ಕಿ ಸ್ವರ ಕೇಂಬುಕೆ ಹೋಯಿದ್ದೆ ಮಾರಾಯ್ತಿ."

"ಯಾವ ಹಕ್ಕಿ?" ಚಂದ್ರಾವತಿ ಕೇಳಿದ ಧಾಟಿಗೆ ಸೂರನಿಗೆ ನಗುವೂ ಬಂತು, ಹೆದರಿಕೆಯೂ ಆಯಿತು.

ಇದನ್ನೆಲ್ಲ ನಮಗೆ ಹೇಳಿದವಳು ಚಂದ್ರಾವತಿಯೇ, ಹೇಳುವಾಗ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು. ಮುಂದಿನ ಆಟಕ್ಕೆ ಅವಳೂ ಓಮ್ನಿ ಹತ್ತಿದಳು. ವೇಷ ನೋಡಲು ಎಂದು ನೆಪ ಹೇಳಿದಳು. ಬೆಳಕು ಹರಿಯುವಾಗ ಹೆಮ್ಮಾಡಿಯ ಗದ್ದೆಯ ಹತ್ತಿರ ಗಂಡ ಗಾಡಿ ನಿಲ್ಲಿಸಿದ. ಹಿಂದಿನ ಬಾಗಿಲು ತೆಗೆದು ಹಾರ್ನ್ ಇಳಿಸಿದ. ಅವಳು ಸೊಂಟಕ್ಕೆ ಕೈಯಿಟ್ಟು ಸುತ್ತಲೂ ನೋಡಿದಳು, ಯಾರೂ ಇರಲಿಲ್ಲ. ಒಂದು ಎಮ್ಮೆ ಇತ್ತು.

ಸೂರ ಹೆಡ್‌ಫೋನ್ ಅವಳ ಕಿವಿಗೆ ಹಾಕಿದ. ಎಲ್ಲೋ ದೂರದ ಮಾವಿನ ಮರದಲ್ಲಿ ಮಡಿವಾಳ ಹಕ್ಕಿ ಹಾಡುತ್ತಿತ್ತು. ಚಂದ್ರಾವತಿ ಬೆಚ್ಚಿ ಹಿಂದೆ ತಿರುಗಿದಳು, ಹಕ್ಕಿ ತನ್ನ ಹೆಗಲ ಮೇಲೇ ಕೂತಿದೆ ಎಂದುಕೊಂಡು. ಆಮೇಲೆ ನಿಂತಲ್ಲೇ ಕೂತಳು. ಆ ದಿನ ಇಬ್ಬರೂ ಮನೆ ಮುಟ್ಟಿದ್ದು ಒಂಬತ್ತು ಗಂಟೆಗೆ.

ಮರುತಿಂಗಳ ಮಾತುಕತೆಗೆ ಸೂರ ಬಾಕ್ಸ್ ಇಡಲು ಬಂದಾಗ ಅವಳೂ ಜೊತೆಯಲ್ಲಿ ಬಂದಳು. ಬಂದವಳೇ ಸುಪ್ರೀತಾಳ ಹತ್ತಿರ ಹೋಗಿ, "ಇವ್ರತ್ರ ಒಂದ್ ಚೀಲ ಹಕ್ಕಿ ಸ್ವರ ಇತ್ತ್, ಯಾರಿಗೂ ಕೇಳ್ಸುದಿಲ್ಲ" ಎಂದು ಹೇಳಿಬಿಟ್ಟಳು. ಸುಪ್ರೀತಾ ಅಲ್ಲೇ ಚೀಟಿ ತೆಗೆದು, ಜೂನ್ ತಿಂಗಳು, ಬೈಂದೂರು, ಮಾತು: ಸೂರ ಎಂದು ಬರೆದುಕೊಂಡಳು.

"ಮೇಡಂ, ನಂಗ್ ಮಾತಾಡುಕೆ ಬತ್ತಿಲ್ಲೆ!" ಸೂರ ಗಾಬರಿಯಾದ. "ಮೈಕಿನ ಹಿಂದ್ ಕೂಕಂಬ ಜನ ನಾನ್."

"ಮೈಕ್ ನಿಮ್ದೇ ಅಲ್ದಾ? ನಿಮ್ಗ್ ಯಾರ್ ಬ್ಯಾಡ ಅಂಬುದ್?" ಎಂದಳು ಸುಪ್ರೀತಾ.

ಜೂನ್ ಬಂತು, ಮಳೆಯೂ ಬಂತು. ಬೈಂದೂರಿನ ಆ ಹಾಲ್‌ನಲ್ಲಿ ಅವತ್ತು ಮೂವತ್ತನಾಲ್ಕು ಜನ. ನಮ್ಮ ಬಳಗದಲ್ಲಿ ಅಷ್ಟು ಕೊಡೆಗಳನ್ನು ಒಂದೇ ಮೂಲೆಯಲ್ಲಿ ನಾನು ಕಂಡದ್ದೇ ಇಲ್ಲ. ಸೂರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಮೈಕಿನ ಮುಂದೆ ನಿಂತ. ಎರಡು ಬೆರಳಿನಿಂದ ಅದನ್ನು ತಟ್ಟಿದ.

"ಹಲೋ. ಹಲೋ. ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ."

ಅಷ್ಟೇ. ಮುಂದಿನ ಮಾತು ಬರಲಿಲ್ಲ. ಹಾಲ್ ನಕ್ಕಿತು, ಸೂರನೂ ನಕ್ಕ. ಮತ್ತೆ ಬಾಯಿ ತೆರೆದ, ಮತ್ತೆ "ಹಲೋ" ಎಂದ. ಮುಂದಿನ ಸಾಲಿನಲ್ಲಿದ್ದ ಚಂದ್ರಾವತಿ ತಲೆ ತಗ್ಗಿಸಿದಳು.

ಆಗ ಅವನು ಮೈಕ್ ಆರಿಸಿ, ಸೀದಾ ನಡೆದು ಹಾಲ್‌ನ ಹಿಂದಕ್ಕೆ ಹೋದ. ಹೊರಟೇಬಿಟ್ಟನೇನೋ ಅಂದುಕೊಂಡೆವು. ಹೋಗಲಿಲ್ಲ. ಹಿಂದಿನ ಗೋಡೆಯ ಹತ್ತಿರ ತನ್ನ ಮೇಜಿನ ಮುಂದೆ ಕೂತ. ಕೈ ಗುಂಡಿಗಳ ಮೇಲೆ ಇಟ್ಟದ್ದೇ ಬಾಯಿಗೆ ಮಾತು ಬಂತು.

"ಇಲ್ಲಿಂದಾರೆ ಹೇಳ್ತೆ. ನಿಮ್ಗ್ ಅಡ್ಡಿ ಇಲ್ಯಲೆ?"

ಮೊದಲು ಕುರ್ಚಿ ತಿರುಗಿಸಿದವರು ಮಂಜಯ್ಯ. ಅವರನ್ನು ನೋಡಿ ಎಲ್ಲರೂ ಎದ್ದು, ಸದ್ದು ಮಾಡುತ್ತ ಕುರ್ಚಿಗಳನ್ನು ತಿರುಗಿಸಿ ಹಾಕಿಕೊಂಡೆವು. ವೇದಿಕೆಗೆ ಬೆನ್ನು, ಸೂರನಿಗೆ ಮುಖ.

ಆಮೇಲೆ ಅವನನ್ನು ನಿಲ್ಲಿಸುವವರಿರಲಿಲ್ಲ. ಒಂದು ಬೆಳಗಿನ ಒಂದೂಕಾಲು ಗಂಟೆಯ ಸ್ವರವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ ತಂದಿದ್ದ. ಎಷ್ಟೋ ಹಕ್ಕಿಗಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ಅವನು ಹೇಳಿದ್ದು ಬೇರೆ. "ಮೊದ್ಲ್ ಇವ ಒಬ್ನೇ, ಕಾಣಿ. ಯಾರೂ ಇಲ್ದೇ ಇಪ್ಪ ಹೊತ್ತಿಗೆ ಮೈಕ್ ಹಿಡ್ಕಂತ. ಈಗ ಕೆಂಬೂತ ಬಂತ್, ಅದ್ರದ್ ಬರೀ ಬೇಸು, ದಪ್ಪ ಸ್ವರ. ಈಗ ಕುಟ್ರ. ಅದ್ ಒಂದೇ ಮಾತ್ ಹೇಳೂದ್, ನಿಲ್ಸುದಿಲ್ಲ, ನಮ್ ಕಡಿ ಕೆಲವ್ರ್ ಭಾಷಣ ಇದ್ದಂಗೆ. ಈಗ ಕಾಗಿ ಎಲ್ಲ ಎದ್ದ್. ಇನ್ ಸಣ್ಣವ್ರ್ ಸ್ವರ ಏಳುದಿಲ್ಲ. ಅದ್ಕೇ ಸಣ್ಣವ್ರೆಲ್ಲ ಮೊದ್ಲೇ ಹಾಡಿ ಮುಗ್ಸೂದೇನೋ ಅಂತ ನಂಗ್ ಕಾಣತ್ತ್." ಶ್ರಾವ್ಯ ಸಿದ್ದಾಪುರದಿಂದ ಬಸ್ಸು ಬದಲಿಸಿ ಬಂದಿದ್ದಳು. ಅವನು ಹೆಸರು ತಪ್ಪಿದಲ್ಲಿ ಹೆಸರು ಹೇಳಿಕೊಟ್ಟಳು, ಉಳಿದದ್ದನ್ನು ಬರೆದುಕೊಂಡಳು.

ನಡುವೆ ಸೂರ ಸ್ವರ ನಿಲ್ಲಿಸಿದ. ಮಂಜಯ್ಯ ಕೈಯನ್ನು ಕಿವಿಯ ಹಿಂದೆ ಹಿಡಿದು ಕೂತಿರುವುದನ್ನು ಅವನು ಗಮನಿಸಿದ್ದ.

"ಮಂಜಯ್ಯನವ್ರೆ, ಒಂದ್ ಸಲ ಹತ್ರ ಬನ್ನಿ."

ಹೆಡ್‌ಫೋನ್ ಅವರ ತಲೆಗೆ ಹಾಕಿದ. ದಪ್ಪ ಸ್ವರವನ್ನೆಲ್ಲ ತಗ್ಗಿಸಿದ, ಕೀರಲು ಸ್ವರವನ್ನು ಒಂದೊಂದೇ ಗುಂಡಿಯಲ್ಲಿ ಎತ್ತುತ್ತ ಹೋದ, ಅವರ ಮುಖವನ್ನೇ ನೋಡುತ್ತ. ಮಂಜಯ್ಯನವರ ಮುಖ ಮೊದಲು ಹಾಗೇ ಇತ್ತು. ಇನ್ನೊಂದು ಗುಂಡಿ ತಿರುಗಿಸಿದಾಗ ಅವರ ಹುಬ್ಬು ಮೇಲಕ್ಕೆ ಹೋಯಿತು.

"ಮಡಿವಾಳ!" ಎಂದರು. ಕಿವಿ ಮುಚ್ಚಿದ್ದರಿಂದ ತಮ್ಮ ದನಿ ಎಷ್ಟು ಜೋರೆಂದು ಅವರಿಗೆ ತಿಳಿಯಲಿಲ್ಲ, ಹಾಲ್ ಪೂರ್ತಿ ಕೇಳುವಂತೆ ಕೂಗಿದರು. "ಮಡಿವಾಳ ಹಕ್ಕಿ! ಟಪಾಲ್ ಹಂಚುವಾಗ ಬಿಜೂರ್ ದಾರಿಯಂಗೆ ದಿನಾ ಕೇಂತಿದ್ದೆ! ಆರ್ ವರ್ಷ ಆಯ್ತ್ ಮಾರಾಯ, ಇದೆಲ್ಲ ಊರ್ ಬಿಟ್ಟ್ ಹೋಯಿತ್ತ್ ಅಂದ್ಕಂಡಿದ್ದೆ!"

ಸೂರ ಏನೋ ಹೇಳಲು ಹೆಡ್‌ಫೋನ್‌ಗೆ ಕೈ ಹಾಕಿದ.

"ತೆಗಿಬ್ಯಾಡ! ಮುಟ್‌ಬ್ಯಾಡ!" ಮಂಜಯ್ಯ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. ನಾವೆಲ್ಲ ನಗುತ್ತಿದ್ದೆವು, ಸುಪ್ರೀತಾ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡಳು. ಉಳಿದ ಮಾತುಕತೆ ಪೂರ್ತಿ ಅಧ್ಯಕ್ಷರು ಸೂರನ ಮೇಜಿನ ಪಕ್ಕದಲ್ಲೇ ಕೂತರು. ವಂದನಾರ್ಪಣೆ ಯಾರು ಮಾಡಿದರು, ಏನು ಹೇಳಿದರು ಎನ್ನುವುದು ಅವರಿಗೆ ಇಂದಿಗೂ ಗೊತ್ತಿಲ್ಲ. ಮರುವಾರ ಸೂರ ಅವರ ಮನೆಗೇ ಹೋಗಿ ಕಪಾಟಿನ ಯಂತ್ರ ತೆಗೆಸಿ, ಅದನ್ನು ಕೊಟ್ಟ ಕಿವಿ ಡಾಕ್ಟರ ಹತ್ತಿರ ಅವರನ್ನು ಕರೆದುಕೊಂಡು ಹೋದ. ಯಾವ ಸ್ವರ ಎತ್ತಬೇಕು, ಯಾವುದನ್ನು ಇಳಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದ. ಡಾಕ್ಟರು ಚೀಟಿ ಓದಿ, "ನೀವ್ ಎಲ್ಲಿ ಕಲ್ತದ್ದ್?" ಎಂದು ಕೇಳಿದರಂತೆ. ಈಗ ಯಂತ್ರ ಕುಯ್ ಎನ್ನುವುದಿಲ್ಲ.

ಬೈಂದೂರಿನ ಅವತ್ತಿನ ಖುಷಿಯಲ್ಲಿ ಹತ್ತೊಂಬತ್ತು ಜನ ಹೆಸರು ಕೊಟ್ಟೆವು. ಜುಲೈಯಲ್ಲಿ ಒಂದು ಬೆಳಿಗ್ಗೆ ಸೂರನೊಡನೆ ಸಿದ್ದಾಪುರದ ಕಡೆ ಸ್ವರ ಕೇಳಲು ಹೋಗುವುದೆಂದು ತೀರ್ಮಾನವಾಯಿತು. ಮೊದಲ ಬಸ್ಸಿಗೆ ಹೋದೆವು, ಹಾರ್ನ್ ಮಾತ್ರ ಓಮ್ನಿಯಲ್ಲಿ ಬಂತು. ಇಳಿದದ್ದೇ ಮಳೆ ಹಿಡಿಯಿತು. ಎಂಥ ಮಳೆ ಎಂದರೆ ಹಕ್ಕಿ ಹಾಗಿರಲಿ, ಪಕ್ಕದವರ ಮಾತೂ ಕೇಳಿಸಲಿಲ್ಲ. ಒಂದು ಗಂಟೆ ಕೊಡೆ ಹಿಡಿದು ಸಾಲಾಗಿ ನಿಂತೆವು. ಸೂರ ಹಾರ್ನ್‌ಗೆ ಪ್ಲಾಸ್ಟಿಕ್ ಸುತ್ತಿ, ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ನಿಂತಿದ್ದ.

"ಎಂತ ಕೇಂತಾ ಇತ್ತ್ ಸೂರಣ್ಣ?" ಸುಪ್ರೀತಾ ಅವನ ಕಿವಿಯ ಹತ್ತಿರ ಕೂಗಿ ಕೇಳಿದಳು.

"ಹತ್ತೊಂಬತ್ ಕೊಡೆ," ಎಂದ ಸೂರ. "ಒಂದೊಂದ್ರ ಸ್ವರ ಒಂದೊಂದ್ ನಮೂನಿ. ಮಂಜಯ್ಯನವ್ರ್ ಕೊಡೆ ಹರ್ದಿತ್ತ್, ಕಾಣಿ."

ಹೌದು, ಹರಿದಿತ್ತು. ಮಂಜಯ್ಯನವರ ಎಡಭುಜ ಪೂರ್ತಿ ತೋಯ್ದಿತ್ತು. ಎಲ್ಲರೂ ಓಡಿ ರಸ್ತೆಬದಿಯ ಸಣ್ಣ ಹೋಟೆಲಿಗೆ ನುಗ್ಗಿದೆವು. ಹೋಟೆಲಿನವರು ಬಿಸಿ ಗೋಳಿಬಜೆ ಎರಡು ಸಲ ಬಾಣಲೆಗೆ ಬಿಟ್ಟರೂ ನಮಗೆ ಸಾಲಲಿಲ್ಲ. ಮೂರನೆಯ ಸಲಕ್ಕೆ ಕಲಸಿಟ್ಟ ಹಿಟ್ಟು ಮುಗಿದಿತ್ತು. ಆಗ ನಮ್ಮ ಜೊತೆ ಬಂದಿದ್ದ ಚಂದ್ರಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಟ್ಟು ಕಲಸಿಕೊಡಲು ತಾನೇ ಒಳಗೆ ಹೋದಳು.