ಮಾರ್ಕೆಟ್ ಹಿಂದಿನ ಲೈನು ಎದ್ದು ನಿಂತದ್ದು

ಊಟಿ ಮಾರ್ಕೆಟ್ಟಿನ ಹಿಂದೆ, ಇಳಿಜಾರಿನಲ್ಲಿ, ತಗಡು ಹೊದಿಸಿದ ಹದಿನಾರು ಮನೆಗಳ ಲೈನು ನಮ್ಮದು. ಕೂಕಲ್ತೊರೈ ಹಳ್ಳಿಯಿಂದ ಮದುವೆಯಾಗಿ ನಾನು ಅಲ್ಲಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಗೋಡೆಗಳಲ್ಲಿ ವರ್ಷವಿಡೀ ನೀರು ಜಿನುಗುತ್ತಿತ್ತು. ಹೊಲಿಯಲು ಬಂದ ಬಟ್ಟೆ ಬೂಷ್ಟು ಹಿಡಿಯದಿರಲೆಂದು ಒಲೆಯ ಮೇಲೆ ನೇತುಹಾಕುತ್ತಿದ್ದೆ. ಗಿರಾಕಿಗಳು ರವಿಕೆ ಮೂಸಿ, "ಬರೀ ಹೊಗೆ ವಾಸನೆ" ಎಂದು ಮುಖ ಸಿಂಡರಿಸುತ್ತಿದ್ದರು.

ಒಂದು ವರ್ಷ ದೀಪಾವಳಿ ಹೊತ್ತಿನ ಮಳೆಗೆ ಹಿಂದಿನ ಕಲ್ಲುಗೋಡೆ ಕುಸಿದು ಮೂರು ಮನೆಗಳೊಳಗೆ ಮಣ್ಣು ನುಗ್ಗಿತು. ಆ ಮನೆಗಳವರೆಲ್ಲ ಕೆಲಸಕ್ಕೆ ಹೋಗಿದ್ದರು, ಬಚಾವಾದರು. ಮರುದಿನ ಮುನಿಸಿಪಾಲಿಟಿ ಎಂಜಿನಿಯರ್ ಬಂದು ಗೋಡೆಗೆ ಕೊಡೆಯ ತುದಿ ಚುಚ್ಚಿ ನೋಡಿದರು. ಲೈನು ಪೂರಾ ಒಡೆಯಬೇಕು, ಊರಾಚೆಯ ಗುಡ್ಡದಲ್ಲಿ ಜಾಗ ಕೊಡುತ್ತೇವೆ ಎಂದರು.

ನನ್ನ ಅತ್ತೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದವರು. ಅವರು ಮುಂದೆ ಬಂದು ನಿಂತರು.

"ಅಲ್ಲಿಂದ ಸೊಪ್ಪಿನ ಮೂಟೆ ಹೊತ್ತು ನಂಗ ಎರಡು ಬಸ್ಸು ಹತ್ತೋಕಾಗುತ್ತಾ ಸಾರ್? ಇಲ್ಲಿ ನೀರಿಗೆ ದಾರಿ ಇಲ್ಲ, ಅಷ್ಟೇ. ಅಡಿಯಲ್ಲಿ ಮುಚ್ಚಿಹೋದ ಹಳೇ ಕಲ್ಲುಕಾಲುವೆ ಇದೆ. ಎನ್ನ ಗಂಡ ಅದರೊಳಗೆ ಇಳಿದು ಕೆಲಸ ಮಾಡಿದವರು."

"ಎಲ್ಲಿದೆ, ತೋರಿಸಮ್ಮಾ."

"ಎರಡು ದಿನ ಕೊಡಿ ಸಾರ್," ಎಂದೆ ನಾನು. ಬಾಯಿಂದ ಬಂದುಬಿಟ್ಟಿತ್ತು.

ಆ ಎರಡು ದಿನ ನಾನು ಹೊಲಿಗೆಯ ಟೇಪಿನಲ್ಲಿ ಇಡೀ ಲೈನನ್ನು ಅಳೆದೆ. ಪಕ್ಕದ ಮನೆಯ ಮಲಯಾಳಿ ಚಾಯ್ ಅಂಗಡಿಯವರು ಇನ್ನೊಂದು ತುದಿ ಹಿಡಿದರು. ಅತ್ತೆ ಕಾಲಿನಿಂದ ನೆಲ ತಟ್ಟಿ, "ಇಲ್ಲಿಂದ ತಿರುಗುತ್ತದೆ" ಎಂದು ತೋರಿಸುತ್ತಾ ನಡೆದರು. ಬಟ್ಟೆ ಕತ್ತರಿಸುವ ಅಳತೆ ಕಾಗದದ ಮೇಲೆ ಮನೆ, ನಲ್ಲಿ, ನೀರು ಉಕ್ಕುವ ಜಾಗ, ಕಾಲುವೆಯ ದಾರಿ ಎಲ್ಲವನ್ನೂ ಬರೆದೆ. ಅಲ್ಲಿಯವರೆಗೆ ಎದೆ, ತೋಳು ಬಿಟ್ಟು ಬೇರೇನನ್ನೂ ಅಳೆದವಳಲ್ಲ.

ಎಂಜಿನಿಯರ್ ಕಾಗದವನ್ನು ಚಾಯ್ ಅಂಗಡಿಯ ಬೆಂಚಿನ ಮೇಲೆ ಹರಡಿ ನೋಡಿದರು. ನಲ್ಲಿಯ ಪಕ್ಕ ಅಗೆಸಿದರು. ಎದೆಮಟ್ಟ ಅಗೆದ ಮೇಲೆ ಚಪ್ಪಡಿ ಸಿಕ್ಕಿತು. ಅದರಡಿ ಗೋಣಿ, ಸೀಸೆ, ಚಿಂದಿ ತುಂಬಿದ ಕಾಲುವೆ. ಕಸ ತೆಗೆದದ್ದೇ ತಡ, ನೀರು ಸದ್ದು ಮಾಡುತ್ತಾ ಇಳಿದು ಹೋಯಿತು.

"ಸರಿ, ಇಲ್ಲೇ ಕಟ್ಟೋಣ," ಎಂದರು ಅವರು. "ಆದರೆ ಅರ್ಧ ಅರ್ಧವಾಗಿ."

ಒಡೆದ ಎಂಟು ಮನೆಯವರು ಉಳಿದ ಎಂಟರಲ್ಲಿ ತುರುಕಿಕೊಂಡೆವು. ಒಲೆಗಾಗಿ ಜಗಳ, ನಲ್ಲಿಗಾಗಿ ಜಗಳ. ಕೆಲಸ ನಿಂತಾಗಲೆಲ್ಲ ಅತ್ತೆ, ನಾನು ಆಫೀಸಿಗೆ ಹೋಗಿ ಕೂರುತ್ತಿದ್ದೆವು. ಚಾಯ್ ಅಂಗಡಿಯವರಿಗೆ ಅಷ್ಟು ಕಾಯಲಾಗಲಿಲ್ಲ. ದೇವಾಲ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟರು. ಅದೊಂದೇ ನನಗೆ ಇಂದಿಗೂ ನೋವು.

ಎರಡನೇ ವರ್ಷದ ಕೊನೆಗೆ ಎಲ್ಲ ಮನೆಗಳೂ ಎದ್ದವು. ನಮ್ಮದು ಮೆಟ್ಟಿಲ ಪಕ್ಕದ್ದು. ಮಾರ್ಕೆಟ್ಟಿಗೆ ಹೋಗುವ ಹೆಂಗಸರಿಗೆಲ್ಲ ಕಾಣುವಂತೆ ಬಾಗಿಲ ಮೇಲೆ ಹೊಲಿಗೆಯ ಬೋರ್ಡು ಹಾಕಿದೆ. ಆರು ತಿಂಗಳಲ್ಲಿ ಇನ್ನೊಂದು ಮೆಷಿನ್ ಬೇಕಾಯಿತು. ಅಂದು ಮಣ್ಣು ನುಗ್ಗಿದ್ದ ಮೂರು ಮನೆಗಳಲ್ಲಿ ಒಂದರಾಕೆಯನ್ನೇ ಅದರ ಮುಂದೆ ಕೂರಿಸಿ ಗುಂಡಿಯ ಕಾಜಾ ಹೊಲಿಯುವುದನ್ನು ಕಲಿಸತೊಡಗಿದೆ.